ತಾತನ ಎಕ್ಸ್‌ರೇ ಮತ್ತು ಹೃದಯದ ಚೀಲ

2010ರ ಜನವರಿ 15, ಶುಕ್ರವಾರ. ಸಂಕ್ರಾಂತಿಯ ಮಾರನೇ ದಿನ. ನಾನಾಗ ಏಳನೇ ಕ್ಲಾಸು. ಹಬ್ಬಕ್ಕೆ ಅಂತ ನಮ್ಮೂರು ದೇಶನೂರಿಗೆ ಹೋಗಿದ್ವಿ. ಅವತ್ತು ಮಧ್ಯಾಹ್ನ ಸೂರ್ಯಗ್ರಹಣ. ಮನೆಯಲ್ಲಿ ದೊಡ್ಡೋರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ರೆ, ನಾವು ಹುಡುಗರು ಒಳಕೋಣೆಯ ಟ್ರಂಕಿನಲ್ಲಿ ಸಿಕ್ಕ ಹಳೇ ಎಕ್ಸ್‌ರೇ ಫಿಲ್ಮೊಂದನ್ನ ಕತ್ತರಿಸಿ, ಆಳಿಗೊಂದು ತುಂಡು ಹಂಚಿಕೊಂಡು, ಮಾಳಿಗೆ ಮೇಲೆ ನಿಂತು ಸೂರ್ಯನ್ನ ನೋಡಿದ್ವಿ. (ಹಾಗೆಲ್ಲ ನೋಡಬಾರದು, ಕಣ್ಣಿಗೆ ಅಪಾಯ ಅಂತ ಆಮೇಲೆ ಗೊತ್ತಾಯ್ತು. ನೀವು ಮಾಡಬೇಡಿ!)

ಕೆಳಗೆ ಇಳಿದು ಬಂದಾಗ ಅಜ್ಜಿ ಟ್ರಂಕಿನ ಮುಂದೆ ಕೂತು ಅಳ್ತಿದ್ದಳು. ನಾವು ಕತ್ತರಿಸಿದ್ದು ತಾತನ ಎದೆಯ ಎಕ್ಸ್‌ರೇ. ಅದರ ಜೊತೆಗಿದ್ದ ಇನ್ನೊಂದು ಫಿಲ್ಮು, ಪಕ್ಕದಿಂದ ತೆಗೆದದ್ದು, ಹಳೇ ಪಂಚೆಯಲ್ಲಿ ಸುತ್ತಿದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಅದೊಂದು ಉಳಿದುಕೊಂಡಿತು.

ತಾತ ಸತ್ತಿದ್ದು 1988ರಲ್ಲಿ, ನಾನು ಹುಟ್ಟೋ ಮುಂಚೆ. ಅವರ ಬಗ್ಗೆ ಊರಲ್ಲಿ ಉಳಿದಿದ್ದ ಮಾತು ಒಂದೇ: ಕುಡಿದು ಹೊಟ್ಟೆ ಬಂದು ಸತ್ತ. ಅಜ್ಜಿ ಮಾತ್ರ "ಒಂದು ಹನಿ ಮುಟ್ಟಿದವನಲ್ಲ ನಿಮ್ಮ ತಾತ" ಅಂತ ಕೊನೇವರೆಗೂ ಹೇಳ್ತಾನೇ ಬಂದಳು. ಹೆಂಡತಿ ಅಲ್ವಾ, ಹಾಗೇ ಹೇಳ್ತಾಳೆ ಅಂತ ಜನ. ನಿಜ ಹೇಳ್ಬೇಕಂದ್ರೆ ನಮ್ಮಪ್ಪನಿಗೂ ಒಳಗೊಳಗೇ ಅನುಮಾನ ಇತ್ತು. ಆಸ್ಪತ್ರೆಯ ಚೀಟಿಯಲ್ಲೇ ಹಾಗೆ ಬರೆದಿದ್ರಂತೆ. ಯಾವ ಆಸ್ಪತ್ರೆ ಅಂತೆಲ್ಲ ಬೇಡ ಬಿಡಿ, ಅವತ್ತಿನ ಆ ಡಾಕ್ಟರು ಈಗ ಎಲ್ಲಿದ್ದಾರೋ. 1985ರಲ್ಲಿ ನಮ್ಮ ಅತ್ತೆಗೆ ನಿಶ್ಚಯ ಆಗಿದ್ದ ಸಂಬಂಧ ಮುರಿದದ್ದೂ ಇದೇ ಕಾರಣಕ್ಕೆ. ಅಪ್ಪ ಕುಡುಕ ಅಂದ್ರೆ ಮಗಳನ್ನ ಯಾರು ತಗೋತಾರೆ?

ಕಳೆದ ಯುಗಾದಿಗೆ ಊರಿಗೆ ಹೋದಾಗ ಆ ಉಳಿದ ಫಿಲ್ಮನ್ನ ಕಿಟಕಿಗೆ ಹಿಡಿದು, ಮೊಬೈಲಲ್ಲಿ ಫೋಟೋ ತೆಗೆದು, ನನ್ನ ರೂಂಮೇಟ್‌ನ ಅಕ್ಕನಿಗೆ ಕಳಿಸಿದೆ. ಅವರು ಡಾಕ್ಟರು. ಸುಮ್ಮನೆ ಕುತೂಹಲಕ್ಕೆ ಅಷ್ಟೇ. ಹತ್ತು ನಿಮಿಷಕ್ಕೆ ಫೋನೇ ಬಂತು. "ಇದು ಯಾರ ಫಿಲ್ಮು? ಹೃದಯದ ಸುತ್ತ ಬಿಳೀ ಗೆರೆ ಇದೆ ನೋಡು, ಮೊಟ್ಟೆ ಸಿಪ್ಪೆ ಥರ. ಇವರಿಗೆ ಲಿವರ್ ಕಾಯಿಲೆ ಅಂತ ಯಾರು ಹೇಳಿದ್ರು?"

ಆ ಬಿಳೀ ಗೆರೆಯ ಹಿಂದೆ ಬಿದ್ದು ಎರಡು ತಿಂಗಳು ಓದಿದ್ದನ್ನ ಇಲ್ಲಿ ಬರೀತಿದೀನಿ. ನಾನು ಡಾಕ್ಟರಲ್ಲ, ಕೋಡ್ ಬರೆಯೋನು. ತಪ್ಪಿದ್ರೆ ತಿದ್ದಿ.

ನಮ್ಮ ಹೃದಯ ಎದೆಗೂಡಿನಲ್ಲಿ ಬರಿದಾಗಿ ನೇತಾಡ್ತಿಲ್ಲ. ಅದರ ಸುತ್ತ ಎರಡು ಪದರದ ಒಂದು ಚೀಲ ಇದೆ. ಹೃದಯಾವರಣ ಅಂತಾರೆ, ಡಾಕ್ಟರುಗಳ ಬಾಯಲ್ಲಿ ಪೆರಿಕಾರ್ಡಿಯಂ. ಎರಡು ಪದರಗಳ ನಡುವೆ ಸ್ವಲ್ಪವೇ ಸ್ವಲ್ಪ ದ್ರವ, 15ರಿಂದ 50 ಮಿಲಿಲೀಟರ್. ಗಾಡಿ ಅಚ್ಚಿಗೆ ಹಾಕೋ ಎಣ್ಣೆ ಇದ್ದ ಹಾಗೆ. ಈ ಚೀಲಕ್ಕೆ ಬ್ಯಾಕ್ಟೀರಿಯಾ ಹೊಕ್ಕರೆ ಎರಡು ಥರದ ಕಥೆ ಶುರುವಾಗಬಹುದು. ಒಂದು ಅವಸರದ ಕಥೆ: ನ್ಯುಮೋಕಾಕಸ್, ಸ್ಟೆಫಿಲೋಕಾಕಸ್ ಥರದವು ಬಂದು ಕೀವು ತುಂಬಿಸಿ ಕೆಲವೇ ದಿನಗಳಲ್ಲಿ ಜೀವ ತೆಗೀತವೆ. ಇನ್ನೊಂದು ನಿಧಾನದ ಕಥೆ: ಕ್ಷಯ. ವಾರಗಟ್ಟಲೆ ಸಣ್ಣ ಜ್ವರ, ಎದೆನೋವು, ಚೀಲದಲ್ಲಿ ನೀರು. ಆಮೇಲೆ ನೀರು ಇಂಗಿ ವಾಸಿಯಾದಂತೆ ಕಂಡು, ಚೀಲ ಒಳಗೊಳಗೇ ದಪ್ಪವಾಗಿ, ಚರ್ಮದಂತೆ ಬಿಗಿದು, ಕೆಲವರಲ್ಲಿ ಸುಣ್ಣಗಟ್ಟಿ, ಹೃದಯವನ್ನ ಹಿಡಿದುಬಿಡುತ್ತೆ.

ಹೀಗೆ ಹಿಡಿದ್ರೆ ಏನಾಗುತ್ತೆ ಅನ್ನೋದು ನಮ್ಮೂರಿನವರಿಗೆ ಸುಲಭವಾಗಿ ಅರ್ಥವಾಗುತ್ತೆ. ತುಂಗಭದ್ರೆಯಿಂದ ಹೊರಡುವ ವಿಜಯನಗರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ರಾಯ, ಬಸವಣ್ಣ, ತುರ್ತು, ಕಂಪ್ಲಿ, ಸಿರುಗುಪ್ಪ ಕಾಲುವೆಗಳ ಜೊತೆ ದೇಶನೂರು ಕಾಲುವೆಯ ಹೆಸರೂ ಇದೆ (ಸ್ವಲ್ಪ ಜಂಬ ಇರ್ಲಿ ಬಿಡಿ). ಮುಂದೆ ತೂಬು ಅರ್ಧ ಮುಚ್ಚಿದ್ರೆ ನೀರು ಎಲ್ಲಿ ನಿಲ್ಲುತ್ತೆ? ತೂಬಿನ ಹತ್ರ ಅಲ್ಲ, ಹಿಂದಿನ ಗದ್ದೆಯಲ್ಲಿ. ಬಿಗಿದ ಚೀಲದೊಳಗಿನ ಹೃದಯ ಹಿಗ್ಗಲಾರದು, ಬರೋ ರಕ್ತವನ್ನ ಪೂರ್ತಿ ತುಂಬಿಕೊಳ್ಳಲಾರದು. ಹಿಂದಿನ ಗದ್ದೆ ಅಂದ್ರೆ ಪಿತ್ತಜನಕಾಂಗ. ಅದು ಊದುತ್ತೆ, ಹೊಟ್ಟೆಯಲ್ಲಿ ನೀರು ತುಂಬುತ್ತೆ. ನೋಡಿದವರಿಗೆ ಕಾಣೋದು ದೊಡ್ಡ ಹೊಟ್ಟೆ, ಸಣಕಲು ಕೈಕಾಲು. ಕುಡುಕರ ಲಿವರ್ ಕೆಟ್ಟಾಗ ಕಾಣೋ ಚಿತ್ರವೂ ಇದೇ! ನಮ್ಮ ಕೆಲಸದಲ್ಲೂ ಇದು ದಿನಾ ಆಗುತ್ತೆ: ಎರರ್ ಬರೋದು ಒಂದು ಮಾಡ್ಯೂಲಲ್ಲಿ, ಬಗ್ ಇರೋದು ಇನ್ನೊಂದರಲ್ಲಿ. ಲಾಗ್‌ನಲ್ಲಿ ಹೆಸರು ಬಂದವನು ಬೈಸಿಕೊಳ್ತಾನೆ.

ಈ ಚೀಲದ ಕಾಯಿಲೆಯನ್ನ ಬದುಕಿರೋ ಮನುಷ್ಯನಲ್ಲಿ ಗುರುತಿಸೋದು ಹೇಗೆ ಅನ್ನೋದು ಎರಡು ಸಾವಿರ ವರ್ಷದ ಕಥೆ.

ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಬರೆದಿಟ್ಟ ಒಂದು ಘಟನೆ ಇದೆ. ನಾಟಕಕಾರನೊಬ್ಬನ ಮನೆಯ ಆಳುಹುಡುಗ. ಕುಸ್ತಿ ಅಖಾಡದಲ್ಲಿ ಎದೆಮೂಳೆಗೆ ಪೆಟ್ಟು ಬಿತ್ತು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಿಂಗಳುಗಳಾದ ಮೇಲೆ ಅಲ್ಲಿ ಕೀವು. ಕೊಯ್ದು ತೆಗೆದ್ರೂ ಮತ್ತೆ ಕೀವು. ಉಳಿದ ವೈದ್ಯರು ಮೂಳೆ ಮುಟ್ಟೋಕೆ ಹೆದರಿದ್ರು. ಗ್ಯಾಲೆನ್ ಕೊಳೆತ ಮೂಳೆಯನ್ನ ಕತ್ತರಿಸಿ ತೆಗೆದ. ನೋಡಿದ್ರೆ ಕೆಳಗೆ ಚೀಲವೂ ಆ ಜಾಗದಲ್ಲಿ ಕೊಳೆತುಹೋಗಿ, ಬಡಿಯುತ್ತಿರೋ ಹೃದಯ ಬರಿಗಣ್ಣಿಗೆ ಕಾಣ್ತಿತ್ತು. ಹುಡುಗ ಬದುಕಿದ! ಆದರೆ ಅದು ರೋಗನಿರ್ಣಯ ಅಲ್ಲ, ಅಕಸ್ಮಾತ್ತಾಗಿ ಬಾಗಿಲು ತೆಗೆದು ಒಳಗೆ ಇಣುಕಿದ್ದು. ಬಾಗಿಲು ತೆಗೆಯದೇ ತಿಳಿಯೋದು ಹೇಗೆ?

ಹನ್ನೆರಡನೇ ಶತಮಾನದ ಸೆವಿಲ್‌ನ ಇಬ್ನ್ ಜುಹ್ರ್ ಈ ಚೀಲದ ಉರಿಯೂತವನ್ನ, ಅದರೊಳಗೆ ಸೇರೋ ನೀರನ್ನ ವಿವರಿಸಿದ. 1669ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರ್, ಚೀಲದಲ್ಲಿ ನೀರು ತುಂಬಿದ್ರೆ ಹೃದಯ ಒತ್ತಿಹೋಗಿ ಹಿಗ್ಗಲಾರದೆ ಸೋಲುತ್ತೆ ಅಂತ ಬರೆದ. ಇಬ್ಬರೂ ಸರಿಯೇ. ಆದ್ರೆ ಮುಂದೆ ಕೂತಿರೋ ರೋಗಿಗೆ ಅದೇ ಆಗಿದೆಯಾ ಅಂತ ಹೇಳೋ ದಾರಿ ಅವರ ಹತ್ರ ಇರಲಿಲ್ಲ. ಅದಕ್ಕೆ ಬೇಕಿದ್ದದ್ದು ಒಬ್ಬ ಹೋಟೆಲಿನವನ ಮಗ.

ಲಿಯೋಪೋಲ್ಡ್ ಔಎನ್‌ಬ್ರುಗ್ಗರ್, ಆಸ್ಟ್ರಿಯಾದ ಗ್ರಾಜ್ ಊರಿನವನು. ಅಪ್ಪನ ಛತ್ರದಲ್ಲಿ ಪೀಪಾಯಿಗಳನ್ನ ಬೆರಳಲ್ಲಿ ತಟ್ಟಿ ಎಲ್ಲೀವರೆಗೆ ದ್ರಾಕ್ಷಾರಸ ಇದೆ ಅಂತ ತಿಳೀತಿದ್ದದ್ದನ್ನ ಅವನು ಚಿಕ್ಕಂದಿನಿಂದ ನೋಡಿದ್ದ ಅಂತ ಹೇಳ್ತಾರೆ. ನಾವು ಸಂತೆಯಲ್ಲಿ ತೆಂಗಿನಕಾಯಿ, ಕಲ್ಲಂಗಡಿ ತಟ್ಟಿ ನೋಡಲ್ವಾ, ಅದೇ ವಿದ್ಯೆ. ವಿಯೆನ್ನಾದ ಆಸ್ಪತ್ರೆಯಲ್ಲಿ ಅದನ್ನೇ ರೋಗಿಗಳ ಎದೆ ಮೇಲೆ ಮಾಡಿದ. ಗಾಳಿ ಇರೋ ಕಡೆ ಡೋಲಿನ ನಾದ, ನೀರಿರೋ ಕಡೆ ಮಂಕು. ಹೃದಯದ ಚೀಲದಲ್ಲಿ ನೀರು ತುಂಬಿದ್ರೆ ಆ ಮಂಕು ಜಾಗ ಅಗಲವಾಗುತ್ತೆ. 1761ರಲ್ಲಿ ಸಣ್ಣದೊಂದು ಪುಸ್ತಕ ಬರೆದ. ಹೆಚ್ಚಿನವರು ತಿರುಗಿ ನೋಡಲಿಲ್ಲ. ನಲವತ್ತೇಳು ವರ್ಷ ಆದ ಮೇಲೆ, 1808ರಲ್ಲಿ, ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನ ಫ್ರೆಂಚಿಗೆ ಅನುವಾದಿಸಿದ. ತಾನೇ ಕಂಡುಹಿಡಿದೆ ಅಂದಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ, ಆದ್ರೆ ಕೊರ್ವಿಸಾರ್ ಹಾಗೆ ಮಾಡಲಿಲ್ಲ. ಔಎನ್‌ಬ್ರುಗ್ಗರ್ ಅದರ ಮಾರನೇ ವರ್ಷ ತೀರಿಕೊಂಡ.

ತಟ್ಟೋ ಕೈ ಆಯ್ತು, ಕೇಳೋ ಕಿವಿ ಬರಬೇಕಿತ್ತು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ ಕಥೆ ನಿಮಗೆಲ್ಲ ಗೊತ್ತಿರುತ್ತೆ, ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಲೆನೆಕ್ ಅಷ್ಟೆಲ್ಲ ಕಿವಿ ಇದ್ದವನಾದ್ರೂ ಈ ಚೀಲದ ಉರಿಯೂತವನ್ನ ಗುರುತಿಸೋದು ಬಹಳ ಕಷ್ಟ ಅಂತಲೇ ಬರೆದ. ಅವನ ಸಹಾಯಕ ವಿಕ್ಟರ್ ಕೊಲೆನ್ 1824ರಲ್ಲಿ ಒಂದು ಸದ್ದನ್ನ ಹಿಡಿದ: ಉರಿಯೂತದಿಂದ ಒರಟಾದ ಎರಡು ಪದರಗಳು ಒಂದಕ್ಕೊಂದು ಉಜ್ಜುವ ಸದ್ದು. ಅದನ್ನ ಅವನು ಹೋಲಿಸಿದ್ದು ಹೊಸ ಚರ್ಮದ ಕಿರಕಿರಕ್ಕೆ. ಹೊಸ ಜೋಡು ಹಾಕಿಕೊಂಡು ನಡೆದಾಗ ಬರುತ್ತಲ್ಲ, ಅದು. ಇವತ್ತಿಗೂ ಡಾಕ್ಟರುಗಳು ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ಹುಡುಕೋದು ಈ ಸದ್ದನ್ನೇ. ತಮಾಷೆ ಅಂದ್ರೆ ನೀರು ಜಾಸ್ತಿ ತುಂಬಿ ಪದರಗಳು ದೂರವಾದ್ರೆ ಆ ಸದ್ದು ಮಾಯವಾಗಬಹುದು. ಸದ್ದು ನಿಂತದ್ದು ರೋಗ ಇಳಿದದ್ದಕ್ಕೋ, ಏರಿದ್ದಕ್ಕೋ? ಕಿವಿ ಒಂದನ್ನೇ ನಂಬಿದ್ರೆ ಹೇಳೋಕಾಗಲ್ಲ. ಲೆನೆಕ್ 1826ರಲ್ಲಿ ಸತ್ತ. ಕ್ಷಯದಿಂದ.

ಇಲ್ಲಿಂದ ಮುಂದೆ ನನಗೆ ತೀರಾ ಹತ್ತಿರದ ಭಾಗ. 1873ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಎರಡು ಸೂಕ್ಷ್ಮಗಳನ್ನ ಬರೆದಿಟ್ಟ. ಒಂದು ಮಣಿಕಟ್ಟಿನ ನಾಡಿಯದ್ದು: ರೋಗಿ ಉಸಿರೆಳೆದಾಗ ನಾಡಿ ಕ್ಷೀಣವಾಗುತ್ತೆ, ಕೆಲವೊಮ್ಮೆ ಸಿಗೋದೇ ಇಲ್ಲ, ಆದರೆ ಹೃದಯ ಬಡೀತಾನೇ ಇರುತ್ತೆ. ಇನ್ನೊಂದು ಕುತ್ತಿಗೆಯ ನರದ್ದು. ನಮ್ಮ ನಿಮ್ಮಂಥವರಲ್ಲಿ ಉಸಿರೆಳೆದಾಗ ಕುತ್ತಿಗೆಯ ಅಭಿಧಮನಿ ಕುಗ್ಗುತ್ತೆ, ಎದೆಯೊಳಗಿನ ಒತ್ತಡ ಕಡಿಮೆಯಾಗಿ ರಕ್ತ ಹೃದಯಕ್ಕೆ ಸರಾಗ ಇಳಿಯುತ್ತೆ. ಚೀಲ ಬಿಗಿದವರಲ್ಲಿ ಉಲ್ಟಾ, ಅದು ಇನ್ನೂ ಉಬ್ಬುತ್ತೆ. ಯಾಕಂದ್ರೆ ಹೃದಯದೊಳಗೆ ಜಾಗವೇ ಇಲ್ಲ. ತೂಬು ಮುಚ್ಚಿದ ಕಾಲುವೆ.

1896ರಲ್ಲಿ ಪ್ರಾಗ್ ನಗರದ ಫ್ರೀಡೆಲ್ ಪಿಕ್, ಲಿವರ್ ಸಿರೋಸಿಸ್ ಅಂತ ಕಾಣಿಸಿಕೊಂಡ ರೋಗಿಗಳಲ್ಲಿ ನಿಜವಾದ ತೊಂದರೆ ಹೃದಯದ ಚೀಲದಲ್ಲಿತ್ತು ಅಂತ ತೋರಿಸಿ, ಇದಕ್ಕೆ ಹೆಚ್ಚುಕಡಿಮೆ 'ಚೀಲದಿಂದ ಬಂದ ಹುಸಿ ಸಿರೋಸಿಸ್' ಅನ್ನೋ ಅರ್ಥದ ಹೆಸರನ್ನೇ ಕೊಟ್ಟ. 1896! ತಾತನ ಚೀಟಿ ಬರೆಯೋಕೆ ತೊಂಬತ್ತು ವರ್ಷ ಮುಂಚೆ. ಓದಿದ ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ಸರಿ, ಚೀಲದಲ್ಲೇ ರೋಗ ಅಂತ ಗೊತ್ತಾಯ್ತು ಅನ್ನಿ. ಯಾವ ಕ್ರಿಮಿ ಅಂತ ತಿಳಿಯೋದು ಬೇರೆಯದೇ ಪ್ರಶ್ನೆ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನ ಬಣ್ಣ ಹಾಕಿ ತೋರಿಸಿದ. ಎರಡು ವರ್ಷಕ್ಕೆ, 1884ರಲ್ಲಿ, ಅದೇ ಊರಿನಲ್ಲಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಗ್ರಾಮ್ ನ್ಯುಮೋನಿಯಾದಲ್ಲಿ ಸತ್ತವರ ಶ್ವಾಸಕೋಶದ ಚೂರುಗಳಿಗೆ ಬಣ್ಣ ಹಾಕ್ತಾ ತನ್ನ ಹೆಸರಿನ ವಿಧಾನ ಕಂಡುಕೊಂಡ. ಚೀಲದಿಂದ ತೆಗೆದ ಕೀವಿನಲ್ಲಿ ನ್ಯುಮೋಕಾಕಸ್ ಇದ್ದರೆ ಗ್ರಾಮ್‌ನ ಬಣ್ಣ ಹೇಳುತ್ತೆ. ಕ್ಷಯದ ಕ್ರಿಮಿಗೆ ಮೇಣದ ಕೋಟು, ಅದಕ್ಕೆ ಬೇರೆಯೇ ಬಣ್ಣ ಬೇಕು. ಆದ್ರೆ ಆ ದ್ರವ ತೆಗೆಯೋದು ಹೇಗೆ? 1840ರಲ್ಲಿ ವಿಯೆನ್ನಾದ ಫ್ರಾನ್ಜ್ ಶೂ ಎದೆಯೊಳಗೆ ಸೂಜಿ ಕೊಳವೆ ಹಾಕಿ ಚೀಲದ ನೀರು ತೆಗೆದಿದ್ದ. ಕಣ್ಣು ಕಟ್ಟಿಕೊಂಡು ಮಾಡಿದ ಹಾಗೆ, ಒಂದು ಕೂದಲೆಳೆ ಆಚೆ ಹೋದ್ರೆ ಹೃದಯಕ್ಕೇ ಚುಚ್ಚುತ್ತೆ. ಅನುಮಾನ ಅನ್ನೋ ಒಂದೇ ಕಾರಣಕ್ಕೆ ಸೂಜಿ ಹಾಕೋಷ್ಟು ಧೈರ್ಯ ಯಾರಿಗಿರುತ್ತೆ?

ಹಾಗಾಗಿ ಹೆಚ್ಚಿನವು ಗೊತ್ತಾಗ್ತಿದ್ದದ್ದು ಶವಪರೀಕ್ಷೆಯಲ್ಲೇ. 1892ರಲ್ಲಿ ಬಂದ ವಿಲಿಯಂ ಆಸ್ಲರ್‌ನ ಪಠ್ಯಪುಸ್ತಕ ತಲೆಮಾರುಗಟ್ಟಲೆ ಡಾಕ್ಟರುಗಳು ಓದಿದ್ದು. ಇಷ್ಟು ಗಂಭೀರವಾದ ಕಾಯಿಲೆಗಳ ಪೈಕಿ ಇಷ್ಟು ಸಲ ವೈದ್ಯರ ಕಣ್ತಪ್ಪಿಸೋದು ಬೇರೆ ಇಲ್ಲ ಅನ್ನೋ ಅರ್ಥದ ಮಾತನ್ನ ಹೃದಯಾವರಣದ ಉರಿಯೂತದ ಬಗ್ಗೆ ಆಸ್ಲರ್ ಹೇಳಿದ್ದ. ಕೀವಿನ ಬಗೆಯಲ್ಲಿ ಕಾರಣ ಸರಳ. ಮಗುವಿಗೆ ನ್ಯುಮೋನಿಯಾ ಅಂತ ಮೊದಲೇ ಗೊತ್ತಿರುತ್ತೆ. ಜ್ವರ, ಏದುಸಿರು, ಎದೆನೋವು ಎಲ್ಲವನ್ನೂ ಅದೇ ಖಾತೆಗೆ ಬರೆದುಬಿಡ್ತಾರೆ. ಪಕ್ಕದ ಚೀಲಕ್ಕೆ ಕೀವು ಇಳಿದದ್ದು ಆ ಗಲಾಟೆಯಲ್ಲಿ ಕೇಳಿಸೋದೇ ಇಲ್ಲ. ಪೆನಿಸಿಲಿನ್ ಬಂದ ಮೇಲೆ ಆ ಬಗೆ ಬಹಳ ಕಡಿಮೆಯಾಯ್ತು. ಕ್ಷಯದ ಬಗೆಯಲ್ಲಿ, ಔಷಧಿ ಇಲ್ಲದ ಕಾಲದಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಜನ ಸಾಯ್ತಿದ್ರು. 1940ರ ದಶಕದ ಸ್ಟ್ರೆಪ್ಟೋಮೈಸಿನ್, 1952ರ ಐಸೋನಿಯಜಿಡ್ ಬಂದ ಮೇಲೆ ಬದುಕೋರು ಹೆಚ್ಚಾದ್ರು. ಚೀಲ ಬಿಗಿದುಹೋದವರಿಗೂ ದಾರಿ ಇತ್ತು. ಗಟ್ಟಿಯಾದ ಚೀಲವನ್ನ ಸುಲಿದು ತೆಗೆಯೋ ಆಪರೇಷನ್ನು 1913ರಲ್ಲೇ ಜರ್ಮನಿಯಲ್ಲಿ ರೆನ್, ಸೌಯರ್‌ಬ್ರುಖ್ ಮಾಡಿದ್ದರು. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದ್ರೆ ರೈಲು ಹತ್ತಿ ಹೋಗೋ ವೆಲ್ಲೂರಿನಲ್ಲಿ ರೀವ್ ಬೆಟ್ಸ್ ಎದೆಯ ಶಸ್ತ್ರಚಿಕಿತ್ಸೆಯ ವಿಭಾಗ ಶುರುಮಾಡಿದ್ದು 1949ರಲ್ಲಿ. ಗುರುತಿಸಿದ್ರೆ ತಾನೇ ಕಳಿಸೋದು?

ಗುರುತಿಸೋ ಕೆಲಸವನ್ನ ನಿಜಕ್ಕೂ ಸುಲಭ ಮಾಡಿದ್ದು ಹಡಗಿನ ಕಾರ್ಖಾನೆ ಅಂದ್ರೆ ನಂಬ್ತೀರಾ? ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಹೆಲ್ಮುಥ್ ಹರ್ಟ್ಸ್ ಇಬ್ಬರೂ 1953ರಲ್ಲಿ ಮಾಲ್ಮೋ ಹಡಗುಕಟ್ಟೆಯಿಂದ ಒಂದು ಯಂತ್ರ ಎರವಲು ತಂದ್ರು. ಲೋಹದೊಳಗಿನ ಬಿರುಕನ್ನ ಶಬ್ದಾತೀತ ಅಲೆಗಳಿಂದ ಹುಡುಕೋ ಯಂತ್ರ ಅದು. ಅದನ್ನ ಎದೆಗೆ ಇಟ್ಟು ನೋಡಿದ್ರೆ ಹೃದಯದ ಗೋಡೆಯಿಂದ ಪ್ರತಿಧ್ವನಿ! 1965ರಲ್ಲಿ ಅಮೆರಿಕದ ಹಾರ್ವೆ ಫೈಗನ್‌ಬಾಮ್ ಇದೇ ವಿಧಾನದಿಂದ ಚೀಲದ ನೀರನ್ನ ಪತ್ತೆ ಮಾಡಬಹುದು ಅಂತ ಪ್ರಕಟಿಸಿದ. ನಾವು ಸಲೀಸಾಗಿ 'ಎಕೋ' ಅಂತೀವಲ್ಲ, ಅದು. ನೀರು ಎಲ್ಲಿದೆ, ಎಷ್ಟಿದೆ, ಹೃದಯವನ್ನ ಒತ್ತುತ್ತಿದೆಯಾ, ಎಲ್ಲ ಐದು ನಿಮಿಷದಲ್ಲಿ. ಸೂಜಿಗೂ ಕಣ್ಣು ಬಂತು. ಈಗ ಕೀವಿನ ಅನುಮಾನ ಬಂದ್ರೆ ಎಕೋ ನೋಡಿಕೊಂಡು ಸೂಜಿ ಹಾಕಿ, ದ್ರವವನ್ನ ಗ್ರಾಮ್ ಬಣ್ಣಕ್ಕೂ ಕಲ್ಚರ್‌ಗೂ ಕಳಿಸಿ, ರಕ್ತದ ಕಲ್ಚರ್ ಕೂಡ ತಗೊಂಡು, ಚೀಲ ಬರಿದು ಮಾಡಿ, ಆಂಟಿಬಯಾಟಿಕ್ ಶುರು ಮಾಡ್ತಾರೆ. ಬರೀ ಆಂಟಿಬಯಾಟಿಕ್ ಕೊಟ್ಟು ಕೀವನ್ನ ಒಳಗೇ ಬಿಟ್ರೆ ಸಾಲದು.

ಕ್ಷಯದ ವಿಷಯದಲ್ಲಿ ಮಾತ್ರ ಎಕೋ ಬಂದ್ರೂ ಪ್ರಶ್ನೆ ಅರ್ಧ ಉಳಿದೇ ಇತ್ತು. ಈ ಅರ್ಧದ ಕಥೆಗೆ ನಮ್ಮ ಕರ್ನಾಟಕಕ್ಕೇ ಬರಬೇಕು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 'ಅವಲಾನ್' ಅಂತ ಒಂದು ಹಳೇ ಬಂಗಲೆ ಇದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಗಿ ನೆಲೆಯಾದದ್ದು ಅಲ್ಲಿ. ನಾನು ಊರಿಗೆ ಹೋಗುವಾಗ ಬಸ್ಸು ಅದೇ ರಸ್ತೆ ಹಿಡಿದು ಹೋಗುತ್ತೆ. ಎಷ್ಟು ವರ್ಷ ಅದರ ಮುಂದೇ ಓಡಾಡಿದೀನಿ, ಬೋರ್ಡು ಓದಿರಲಿಲ್ಲ! ಆ ಸಂಸ್ಥೆಯ ಡಿ. ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಇಬ್ಬರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿ ಜನಕ್ಕೆ ಕ್ಷಯದ ಬಗ್ಗೆ ಅರಿವಿಲ್ಲ, ಆಸ್ಪತ್ರೆಗೆ ಬರಲ್ಲ ಅನ್ನೋದು ಆಗಿನ ನಂಬಿಕೆ. ಇವರು ಹೋಗಿ ಕೇಳಿದ್ರೆ ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ತಾವಾಗೇ ಸರ್ಕಾರಿ ಆಸ್ಪತ್ರೆಗೂ ಹೋಗಿದ್ರು. ಅಲ್ಲಿ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ವಾಪಸ್ ಕಳಿಸಿದ್ರು. ಜನ ಹೇಳಿದ್ರು, ಕೇಳಿಸಿಕೊಳ್ಳೋರಿಗೆ ಕೇಳಿಸಲಿಲ್ಲ.

ಇದರ ಮೇಲೆ ಕಟ್ಟಿದ್ದೇ 1962ರಿಂದ ಜಾರಿಯಾದ ಜಿಲ್ಲಾ ಕ್ಷಯರೋಗ ಕಾರ್ಯಕ್ರಮ. ಸರಳ, ಅಗ್ಗ. ಬಂದವರ ಕಫ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋದು. ಬಹಳ ಒಳ್ಳೇ ಯೋಚನೆ, ಲಕ್ಷಾಂತರ ಜನ ಬದುಕಿದ್ರು. ಆದ್ರೆ ಅದರ ಕಣ್ಣು ಕಫದ ಮೇಲೆ. ಹೃದಯದ ಚೀಲದಲ್ಲಿರೋ ಕ್ಷಯ ಕೆಮ್ಮಿ ಉಗುಳೋಕೆ ಬರಲ್ಲ. ಕ್ಷಯ ಬಂದ ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಅಲ್ಲಿ ಹೋಗುತ್ತೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರೇ ಆದ್ದರಿಂದ ಆ ಒಂದೋ ಎರಡೋ ಕೂಡ ಸಣ್ಣ ಸಂಖ್ಯೆ ಅಲ್ಲ. ನಮ್ಮ ಬಳ್ಳಾರಿಯಲ್ಲೇ ವೆಲ್ಲೆಸ್ಲಿ ಸ್ಯಾನಿಟೋರಿಯಂ ಅಂದ್ರೆ ಹಳಬರಿಗೆಲ್ಲ ಗೊತ್ತು, 1961ರಲ್ಲಿ ಮೆಡಿಕಲ್ ಕಾಲೇಜೂ ಬಂತು. ಆದರೆ ಅಲ್ಲೀತನಕ ಹೋಗೋನಿಗೆ ತಾನು ಕ್ಷಯದವನು ಅನ್ನೋ ಅನುಮಾನವಾದ್ರೂ ಇರಬೇಕಲ್ಲ.

ದ್ರವ ತೆಗೆದು ನೋಡಿದ್ರೂ ಈ ಕ್ರಿಮಿ ಸುಲಭಕ್ಕೆ ಸಿಗಲ್ಲ. ಚೀಲದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ಕಾಣೋದು ಅಪರೂಪ, ಕಲ್ಚರ್‌ಗೆ ವಾರಗಟ್ಟಲೆ ಕಾಯಬೇಕು, ಅದೂ ಎಷ್ಟೋ ಸಲ ಕೈಕೊಡುತ್ತೆ. 2004ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿದ್ದ ಡಾ. ಜಾರ್ಜ್ ಚೆರಿಯನ್ ಬರೆದ ಒಂದು ವಿಮರ್ಶಾ ಲೇಖನ ಪೂರ್ತಿ ಇದೇ ಪ್ರಶ್ನೆ ಬಗ್ಗೆ: ಚೀಲದಲ್ಲಿ ನೀರಿದೆ, ಇದು ಕ್ಷಯದ್ದೇ ಅಂತ ಹೇಗೆ ಹೇಳೋದು? ಕ್ರಿಮಿ ಕೈಗೆ ಸಿಕ್ಕದಿದ್ದಾಗ ಅದರ ಹೆಜ್ಜೆಗುರುತು ಹುಡುಕಬೇಕು. ದ್ರವದಲ್ಲಿ ಎಡಿಎ ಅನ್ನೋ ಕಿಣ್ವ ಎಷ್ಟಿದೆ (ಲೀಟರಿಗೆ 40 ಯುನಿಟ್ ದಾಟಿದ್ರೆ ಅನುಮಾನ ಬಲವಾಗುತ್ತೆ), ಚೀಲದ ಚೂರಿನಲ್ಲಿ ಕ್ಷಯದ ಗಂಟುಗಳಿವೆಯಾ, ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶಗಳ ನಡುವಿನ ದುಗ್ಧಗ್ರಂಥಿಗಳು ಊದಿವೆಯಾ... ಇದೆಲ್ಲ ಸೇರಿಸಿ ತೂಗಬೇಕು. ನಮ್ಮಂಥ ದೇಶದಲ್ಲಿ ಬಹಳ ಸಲ 'ಕ್ಷಯವೇ ಇರಬೇಕು' ಅನ್ನೋ ಅಂದಾಜಿನ ಮೇಲೇ ಚಿಕಿತ್ಸೆ ಶುರುವಾಗೋದು.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟ ಜೀನ್ ಪರೀಕ್ಷೆ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತೆ, ನಮ್ಮಲ್ಲಿ ಸಿಬಿನ್ಯಾಟ್ ಅಂತಾರೆ. ಗೋವಾದಲ್ಲಿ ತಯಾರಾದ ಟ್ರೂನ್ಯಾಟ್ 2020ರಲ್ಲಿ ಆ ಪಟ್ಟಿಗೆ ಸೇರ್ತು. ಕಫದಲ್ಲಿ ಇವು ಚೆನ್ನಾಗಿ ಕೆಲಸ ಮಾಡ್ತವೆ. ಚೀಲದ ನೀರಿನಲ್ಲಿ 'ಇದೆ' ಅಂದ್ರೆ ನಂಬಬಹುದು, 'ಇಲ್ಲ' ಅಂದ್ರೆ ಪೂರ್ತಿ ನಂಬೋ ಹಾಗಿಲ್ಲ. ಕೊನೆಗೆ ಡಾಕ್ಟರು ರೋಗಿಯ ಮುಖ ನೋಡಿ ತೀರ್ಮಾನ ಮಾಡ್ಬೇಕು. ಔಎನ್‌ಬ್ರುಗ್ಗರ್ ಕಾಲದ ಹಾಗೇ.

ಮತ್ತೆ ತಾತನ ವಿಷಯಕ್ಕೆ ಬರ್ತೀನಿ.

ಅವತ್ತು ಯುಗಾದಿ ದಿನ ರೂಂಮೇಟ್‌ನ ಅಕ್ಕ "ಅಜ್ಜಿ ಇದಾರಾ? ಫೋನ್ ಕೊಡು" ಅಂದ್ರು. ಸ್ಪೀಕರ್ ಹಾಕಿ ಕೊಟ್ಟೆ. ಅಜ್ಜಿ ಅಕ್ಕಿ ಆರಿಸ್ತಾ ಕೂತಿದ್ದಳು. ಅವರು ಕೇಳಿದ ಮೊದಲನೇ ಪ್ರಶ್ನೆ: ಹೊಟ್ಟೆ ಬರೋಕೆ ಮುಂಚೆ ಯಾವಾಗಾದ್ರೂ ಬಹಳ ದಿನ ಜ್ವರ ಬಂದಿತ್ತಾ? ಬಂದಿತ್ತು, ನಮ್ಮಪ್ಪ ಎಸ್ಸೆಸ್ಸೆಲ್ಸಿ ಕಟ್ಟಿದ ವರ್ಷ, ಅಂದ್ರೆ 1979. ಭತ್ತ ಕೊಯ್ಲಿಗೂ ಹೋಗಿರಲಿಲ್ಲವಂತೆ. ಎರಡನೇದು: ಹೊಟ್ಟೆ ಮೊದಲು ಬಂತಾ, ಕಾಲು ಮೊದಲು ಊದಿತಾ? ಹೊಟ್ಟೆ. ನಾಲ್ಕು ಸಲ ನೀರು ತೆಗೆಸಿದ್ರಂತೆ, ಮತ್ತೆ ತುಂಬ್ತಿತ್ತಂತೆ. ಮೂರನೇದು ಕುತ್ತಿಗೆ ಬಗ್ಗೆ. ಅಜ್ಜಿ ಮೊರ ಕೆಳಗಿಟ್ಟಳು.

"ಕುತ್ತಿಗಿ ನರ ಹಗ್ಗದಂಗ ಎದ್ದು ನಿಂತಿರ್ತಿತ್ತವ್ವ. ಕುಂತ್ರೂ ಇಳೀತಿದ್ದಿಲ್ಲ. ದೊಡ್ಡ ಉಸುರು ತಗಂಡ್ರ ಇನ್ನಾ ಉಬ್ಬತಿತ್ತು. ನಾನು ದಿನಾ ನೋಡ್ತಿದ್ನಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವರು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಬರೀ ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಸಾಮಾನ್ಯವಾಗಿ ಕುತ್ತಿಗೆ ನರ ಹಾಗೆ ಎದ್ದು ನಿಲ್ಲಲ್ಲ. ಹೃದಯಕ್ಕೆ ರಕ್ತ ಹೋಗೋ ದಾರಿ ಕಟ್ಟಿದವರಲ್ಲಿ ನಿಲ್ಲುತ್ತೆ. ಎರಡನ್ನೂ ಬೇರೆ ಮಾಡೋಕೆ ಮೊದಲು ನೋಡಬೇಕಾದ ಜಾಗ ಅದು. ಯಂತ್ರ ಬೇಡ, ದುಡ್ಡು ಬೇಡ. ಫಿಲ್ಮಿನ ಬಿಳೀ ಗೆರೆ, ಈ ಮಾತು ಎರಡೂ ಸೇರಿದ್ರೆ ಚೀಲ ಬಿಗಿದದ್ದರಲ್ಲಿ ತನಗೆ ಅನುಮಾನ ಇಲ್ಲ ಅಂದ್ರು. ಆ ಹಳೇ ಜ್ವರ ಕ್ಷಯವೇ ಇದ್ದಿರಬೇಕು, ನಮ್ಮ ಕಡೆ ಹೆಚ್ಚಿನವು ಅದರಿಂದಲೇ ಆಗೋದು, ಆದ್ರೆ ಕ್ರಿಮಿಯ ಹೆಸರನ್ನ ಫಿಲ್ಮ್ ಹೇಳಲ್ಲ ಅಂತಾನೂ ಅಂದ್ರು.

"ಕುಡಿತ?" ಅಂದೆ. "ಇದಕ್ಕೂ ಕುಡಿತಕ್ಕೂ ಸಂಬಂಧ ಇಲ್ಲ."

ಅಜ್ಜಿಗೆ ಇದನ್ನ ಹೇಗೆ ಹೇಳೋದು ಅಂತ ನಾನು ಒದ್ದಾಡ್ತಿದ್ದೆ. ಅವಳು ಸ್ಪೀಕರಿನಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು. "ನಾ ಏನ್ ಹೇಳಿದ್ದೆ ಮತ್ತ" ಅಂದು ಮೊರ ಎತ್ತಿಕೊಂಡಳು. ಅಪ್ಪ ಎದ್ದು ಹಿತ್ತಲಿಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಆ ಮಳೆಗಾಲದಲ್ಲೇ ಅಜ್ಜಿ ತೀರಿಕೊಂಡಳು.

ಅತ್ತೆ ಈಗ ಗಂಗಾವತಿಯಲ್ಲಿ ಇದಾಳೆ. ಮೊನ್ನೆ ಫೋನ್ ಮಾಡಿ ಆ ಎಕ್ಸ್‌ರೇ ಫೋಟೋ ಕಳಿಸು ಅಂದಳು. ಬಿಳೀ ಗೆರೆ ಎಲ್ಲಿದೆ ಅಂತ ಗೊತ್ತಾಗಲಿ ಅಂತ ಕೆಂಪು ಬಣ್ಣದಲ್ಲಿ ಒಂದು ಸುತ್ತು ಹಾಕಿ ಕಳಿಸಿದೆ. ಸುತ್ತು ಹಾಕದೇ ಇರೋದನ್ನೂ ಒಂದು ಕಳಿಸು, ಪ್ರಿಂಟ್ ಹಾಕಿಸ್ತೀನಿ ಅಂದಳು.